ಸ್ಪೋಕ್ ಚಕ್ರಗಳಿಗೆ ಇನ್ನು ಆಸಿಡ್ ವಾಶ್ ಇಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಈ ತಿಂಗಳಿನಿಂದ ನಮ್ಮ ಗ್ಯಾರೇಜಿನಲ್ಲಿ ಸ್ಪೋಕ್ ಚಕ್ರಗಳಿಗೆ ಆಸಿಡ್ ವಾಶ್ ಮಾಡುವುದಿಲ್ಲ. ಬೈಕ್ ನಿಂತಲ್ಲೇ ಗನ್ ಹಿಡಿದು ನೀರು ಹೊಡೆದು ಅರ್ಧ ಗಂಟೆಯಲ್ಲಿ ಕೀಲಿ ಕೈಗೆ ಕೊಡುವ ವಾಟರ್ ಸರ್ವಿಸ್ ಕೂಡ ಸ್ಪೋಕ್ ಚಕ್ರದ ಬೈಕುಗಳಿಗೆ ಇರುವುದಿಲ್ಲ. ಇನ್ನು ಮುಂದೆ ಚಕ್ರಗಳನ್ನು ಬಿಚ್ಚಿ, ಕೈಯಿಂದ ಶುಚಿ ಮಾಡಿ, ಪಾಲಿಶ್ ಹಾಕಿ, ಮತ್ತೆ ಕೂರಿಸಿ ಕೊಡುತ್ತೇವೆ. ಒಂದು ಚಕ್ರಕ್ಕೆ 450 ರೂಪಾಯಿ ಇದ್ದದ್ದು 900 ಆಗುತ್ತದೆ. ಬೆಳಿಗ್ಗೆ ಬಿಟ್ಟ ಬೈಕ್ ಮರುದಿನ ಸಂಜೆ ಸಿಗುತ್ತದೆ. ದರ ಇಮ್ಮಡಿಯಾದಾಗ ಕಾರಣ ಕೇಳುವುದು ನಿಮ್ಮ ಹಕ್ಕು. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಮೊದಲು ಆಸಿಡ್ ವಿಷಯ. ರಿಮ್ಮಿನ ಮೇಲೆ ಹೊಳೆಯುವುದೆಲ್ಲ ಕ್ರೋಮ್ ಎಂದು ನಾವೆಲ್ಲ ಹೇಳುತ್ತೇವೆ. ಆದರೆ ಮೇಲಿರುವ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿನಷ್ಟೂ ದಪ್ಪ ಇರುವುದಿಲ್ಲ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದರ ಕೆಳಗೆ ಹಲವು ಪಟ್ಟು ದಪ್ಪದ ನಿಕ್ಕಲ್, ನಿಕ್ಕಲ್ ಕೆಳಗೆ ಉಕ್ಕು. ಉಕ್ಕನ್ನು ನೀರಿನಿಂದ ಕಾಯುವುದು ಮುಖ್ಯವಾಗಿ ನಿಕ್ಕಲ್. ಕ್ರೋಮ್ ಅದರ ಮೇಲಿನ ಗಟ್ಟಿ, ನೀಲಿಛಾಯೆಯ ಹೊದಿಕೆ ಮಾತ್ರ. ಈ ಹೊದಿಕೆಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇದ್ದೇ ಇರುತ್ತವೆ. ನಿಮ್ಮ ರಿಮ್ಮಿನ ಮೇಲೆ ಕಾಣುವ ಸಾಸಿವೆ ಗಾತ್ರದ ಕಂದು ಚುಕ್ಕೆಗಳು ಹೊರಗಿನಿಂದ ಅಂಟಿದ ಕೊಳೆಯಲ್ಲ. ಒಳಗಿನ ಉಕ್ಕು ತುಕ್ಕಾಗಿ, ಎಲ್ಲೋ ಒಂದು ಸೂಜಿರಂಧ್ರದ ದಾರಿಯಿಂದ ಮೇಲೆ ಬಂದಿರುತ್ತದೆ.

ಪೇಟೆಯಲ್ಲಿ ಆಸಿಡ್ ವಾಶ್ ಎಂದು ನಡೆಯುವುದು ಹೈಡ್ರೋಕ್ಲೋರಿಕ್ ಆಮ್ಲದಿಂದ. ಕಕ್ಕಸು ತೊಳೆಯುವ ದ್ರಾವಣಗಳಲ್ಲೂ ಹೆಚ್ಚಾಗಿ ಅದೇ ಇರುತ್ತದೆ. ಅದು ತುಕ್ಕನ್ನು ತಿನ್ನುತ್ತದೆ, ನಿಜ. ಆದರೆ ಕ್ರೋಮನ್ನೂ ಕರಗಿಸುತ್ತದೆ, ಸೂಜಿರಂಧ್ರದೊಳಗೆ ಇಳಿದು ಅಲ್ಲಿಯೇ ಉಳಿದು ಉಕ್ಕನ್ನೂ ಕೊರೆಯುತ್ತದೆ. ಡೆಲಿವರಿ ತೆಗೆದುಕೊಂಡ ದಿನ ರಿಮ್ ಕಣ್ಣು ಕುಕ್ಕುತ್ತದೆ; ಮೊದಲ ಮಳೆ ಬಿದ್ದ ಮೇಲೆ ಚುಕ್ಕೆ ಇದ್ದ ಜಾಗದಲ್ಲಿ ಮಚ್ಚೆ ಏಳುತ್ತದೆ. ಕಡ್ಡಿಗಳ, ಅಂದರೆ ಸ್ಪೋಕ್‌ಗಳ ಪಾಡು ಇನ್ನೂ ಕಷ್ಟ. ಬಹಳಷ್ಟು ಬೈಕುಗಳ ಕಡ್ಡಿಗಳಿಗೆ ಇರುವುದು ಸತುವಿನ ಲೇಪ. ಸತು ತಾನು ಸವೆದು ಉಕ್ಕನ್ನು ಉಳಿಸುವ ಲೋಹ, ಆಸಿಡ್ ಬಿದ್ದರೆ ನೊರೆಯೆದ್ದು ನಿಮಿಷಗಳಲ್ಲಿ ಹೋಗುತ್ತದೆ. ಆಮೇಲೆ ಬರಿಮೈಯ ಕಡ್ಡಿ ಮೊದಲು ತುಕ್ಕು ಹಿಡಿಯುವುದು ಎರಡು ಕಡೆ: ಚಕ್ರದ ನಡುವಿನ ಹಬ್ಬಿನ ಬಳಿಯ ಬಾಗಿನಲ್ಲಿ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ಲಿನೊಳಗಿನ ಮರೆಯಲ್ಲಿ. ಕಡ್ಡಿ ಮುರಿಯುವುದೂ ಸಾಮಾನ್ಯವಾಗಿ ಈ ಎರಡು ಕಡೆಯೇ. ಅಲ್ಯೂಮಿನಿಯಂ ಹಬ್ ಅಂತೂ ಆಸಿಡ್ ತಗುಲಿದರೆ ಬೂದು ಬಣ್ಣಕ್ಕೆ ತಿರುಗುತ್ತದೆ, ಹಳೆಯ ಮೈ ಸುಲಭವಾಗಿ ಮರಳುವುದಿಲ್ಲ.

ಹೊಸ ಮಾದರಿಯ ಬುಲೆಟ್ ಇದ್ದವರು "ಹಾಳಾದರೆ ಹೊಸ ರಿಮ್ ಹಾಕಿಸಿದರಾಯಿತು" ಎನ್ನಬಹುದು. ಆದರೆ ನಮ್ಮ ಗ್ರಾಹಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರು. ಆ ಬೈಕುಗಳು ಬರುತ್ತಿದ್ದ ಮೈಸೂರಿನ ಯಾದವಗಿರಿಯ ಕಾರ್ಖಾನೆ 1961ರಲ್ಲಿ ತಯಾರಿಕೆಗೆ ತೊಡಗಿ 1996ರಲ್ಲಿ ನಿಂತುಹೋಯಿತು. ಅದನ್ನು ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಅವರದೇ ಹೆಸರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇವತ್ತು ಆ ಬೈಕಿನ ಅಸಲಿ ರಿಮ್ ಹುಡುಕಿ ನೋಡಿ, ಕಷ್ಟ ಗೊತ್ತಾಗುತ್ತದೆ. ಸಿಗುವ ಬದಲಿ ರಿಮ್ ಹೊಳೆಯುತ್ತದೆ, ಆದರೆ ಲೇಪದ ಗುಣದಲ್ಲಿ ಹಳೆಯದಕ್ಕೆ ಸಾಟಿಯಿಲ್ಲ ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರು ಇದ್ದಾರೆ, ಇರಲಿ.

ಇನ್ನು ನೀರು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ವಾಹನ ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದು ನಿಮಗೆ ನೆನಪಿರಬಹುದು. ಉಳಿದ ದಾರಿ ಬೋರ್‌ವೆಲ್ ನೀರು. ಗಡಸು ನೀರು ಕ್ರೋಮಿನ ಮೇಲೆ ಒಣಗಿದರೆ ಸುಣ್ಣದ ಬಿಳಿ ಕಲೆ ಉಳಿಯುತ್ತದೆ, ಆ ಕಲೆ ತೆಗೆಯಲು ಮತ್ತೆ ಆಸಿಡ್ ಕೇಳುತ್ತಾರೆ. ಗನ್ನಿನ ಒತ್ತಡದ ನೀರು ಸೀಲ್ ದಾಟಿ ಬೇರಿಂಗಿನೊಳಗೆ ಹೋಗುತ್ತದೆ, ನಿಪ್ಪಲ್ಲುಗಳ ಸಂದಿಯಿಂದ ರಿಮ್ಮಿನೊಳಗೂ ಇಳಿಯುತ್ತದೆ. ಟ್ಯೂಬಿನ ಕೆಳಗೆ, ರಬ್ಬರ್ ಪಟ್ಟಿಯ ಅಡಿಯಲ್ಲಿ ನಿಂತ ಆ ನೀರು ಒಣಗಲು ದಾರಿಯೇ ಇಲ್ಲ. ಹೊರಗೆ ಕನ್ನಡಿಯಂತಿದ್ದ ರಿಮ್ ಒಳಗಿನಿಂದ ಪದರ ಪದರವಾಗಿ ಉದುರುವುದನ್ನು ಟಯರ್ ಬಿಚ್ಚಿದಾಗ ಎಷ್ಟೋ ಸಲ ನೋಡುತ್ತೇವೆ.

ಹೊಸ ವಿಧಾನ ಹೀಗೆ. ಚಕ್ರ ಬಿಚ್ಚಿ, ಬ್ರೇಕ್ ಪ್ಲೇಟ್ ಬೇರೆ ತೆಗೆದಿಡುತ್ತೇವೆ, ಏಕೆಂದರೆ ಎಣ್ಣೆಯಾಗಲಿ ಪಾಲಿಶ್ ಆಗಲಿ ಬ್ರೇಕ್ ಲೈನರಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಹಳೆಯ ಲೈನರುಗಳಲ್ಲಿ, ಉಸಿರಿನೊಳಗೆ ಹೋದರೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರುತ್ತಿತ್ತು. ಚೈನಿನಿಂದ ಸಿಡಿದ ಗ್ರೀಸಿಗೆ ಸೀಮೆಎಣ್ಣೆ ಬ್ರಷ್, ಉಳಿದದ್ದಕ್ಕೆ ಬಕೆಟ್ ನೀರಿನಲ್ಲಿ ಶಾಂಪೂ. ಕಡ್ಡಿಗಳಿಗೆ ನಮ್ಮ ಹುಡುಗರು ಕಂಡುಕೊಂಡ ಉಪಕರಣ ಪೈಜಾಮದ ಹತ್ತಿ ಲಾಡಿ: ಪಾಲಿಶ್ ಹಚ್ಚಿ ಕಡ್ಡಿಗೆ ಒಂದು ಸುತ್ತು ಹಾಕಿ, ಎರಡೂ ತುದಿ ಹಿಡಿದು ಆಚೀಚೆ ಎಳೆಯುವುದು. ಒಂದು ಚಕ್ರಕ್ಕೆ 36 ಅಥವಾ 40 ಕಡ್ಡಿ. ಹೆಚ್ಚಾದ ದರದ ದೊಡ್ಡ ಪಾಲು ಈ ಲಾಡಿ ಎಳೆಯುವ ಕೈಗಳಿಗೆ ಹೋಗುತ್ತದೆ.

ರಿಮ್ಮಿನ ತುಕ್ಕು ಚುಕ್ಕೆಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಹಗುರವಾಗಿ ಉಜ್ಜುತ್ತೇವೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ, ಗೀರು ಬೀಳುವುದು ಕಡಿಮೆ. ಸ್ಟೀಲ್ ಜುಂಗಿನ ಚೂರುಗಳು ಸಿಕ್ಕಿಕೊಂಡರೆ ಅವೇ ತುಕ್ಕು ಹಿಡಿಯುತ್ತವೆ, ಹಾಗಾಗಿ ಅದನ್ನು ಗ್ಯಾರೇಜಿಗೇ ತರಿಸುವುದಿಲ್ಲ. ಕೊನೆಯ ಒರೆಸುವಿಕೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಮೇಲೆ ತೆಳುವಾಗಿ ಮೇಣ. ಕೆಲಸದ ನಡುವೆ ಪ್ರತಿ ಕಡ್ಡಿಯನ್ನೂ ಸ್ಪ್ಯಾನರಿನಿಂದ ತಟ್ಟಿ ಕೇಳುತ್ತೇವೆ. ಬಿಗಿ ಇದ್ದದ್ದು ಟಣ್ ಎನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಸಡಿಲ ಕಡ್ಡಿ ಸಿಕ್ಕರೆ ನಿಮಗೆ ಫೋನ್ ಮಾಡಿ ಕೇಳಿದ ಮೇಲೆಯೇ ಕಡ್ಡಿ ಬಿಗಿದು ಚಕ್ರದ ಬೆಂಡ್ ತೆಗೆಯುತ್ತೇವೆ. ಅದರ ಕೂಲಿ ಬೇರೆ.

ಗುಳಿ ಬಿದ್ದ ಲೇಪ ಯಾವ ಪಾಲಿಶ್‌ನಿಂದಲೂ ತುಂಬುವುದಿಲ್ಲ. ಅಂಥ ರಿಮ್ ತಂದರೆ ಮೊದಲೇ ಹೇಳಿಬಿಡುತ್ತೇವೆ, 900 ರೂಪಾಯಿ ತೆಗೆದುಕೊಂಡು ಆಮೇಲೆ ಹೇಳುವುದಿಲ್ಲ.

ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಗೇರ್ ಹಾಕಿ, ತಿರುಗುವ ಹಿಂದಿನ ಚಕ್ರಕ್ಕೆ ಬಟ್ಟೆ ಹಿಡಿಯುವವರಿದ್ದಾರೆ. ನಮ್ಮಲ್ಲಿ ಹಾಗೆ ಮಾಡಿಕೊಡಿ ಎಂದು ದಯವಿಟ್ಟು ಒತ್ತಾಯಿಸಬೇಡಿ, ಮನೆಯಲ್ಲೂ ಮಾಡಬೇಡಿ. ಬಟ್ಟೆ ಕಡ್ಡಿಗೋ ಚೈನಿಗೋ ಸಿಕ್ಕಿದರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ.

ಆಯುಧಪೂಜೆ ಹತ್ತಿರ ಬರುತ್ತಿದೆ. ಹಬ್ಬದ ಹಿಂದಿನ ದಿನ ಇಡೀ ಬೆಂಗಳೂರಿಗೆ ಒಟ್ಟಿಗೇ ಬೈಕ್ ಹೊಳೆಯಬೇಕು ಎಂದು ಅನ್ನಿಸುತ್ತದೆ, ಹೊಸ ವಿಧಾನದಲ್ಲಿ ಅದು ಸಾಧ್ಯವಿಲ್ಲ. ನವರಾತ್ರಿ ಶುರುವಾಗುವ ಮೊದಲೇ ತಂದುಬಿಡಿ. ಪೂಜೆ ಧಾರಾಳವಾಗಿ ಮಾಡಿ, ಆದರೆ ನಿಂಬೆಹಣ್ಣಿನ ರಸವಾಗಲಿ ಕುಂಕುಮ ಕಲಸಿದ ಕುಂಬಳಕಾಯಿಯ ನೀರಾಗಲಿ ರಿಮ್ಮಿಗೆ, ಹಬ್ಬಿಗೆ ಸಿಡಿದಿದ್ದರೆ ಅಂದೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಒದ್ದೆ ಹೂವಿನ ಹಾರವನ್ನು ಕಡ್ಡಿಗಳ ನಡುವೆ ಬಾಡುವ ತನಕ ಬಿಡಬೇಡಿ. ಒಡೆದ ಕುಂಬಳಕಾಯಿಯನ್ನು ರಸ್ತೆಯಿಂದ ಎತ್ತಿಹಾಕಿದರೆ ಹಿಂದೆ ಬರುವ ಬೈಕಿನವರೂ ನಿಮ್ಮನ್ನು ಹರಸುತ್ತಾರೆ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ಅನ್ವಯಿಸುತ್ತದೆ, ಕೆಲಸ ಮಾತ್ರ ಹೊಸ ವಿಧಾನದಲ್ಲಿ. ಆಸಿಡ್ ವಾಶ್ ಬೇಕೇ ಬೇಕು ಎನ್ನುವವರು ಮುಂಗಡ ವಾಪಸ್ ಪಡೆಯಬಹುದು, ಬೇಸರವಿಲ್ಲ. ಅಲಾಯ್ ಚಕ್ರದ ಬೈಕುಗಳ ವಾಟರ್ ಸರ್ವಿಸ್ ಎಂದಿನಂತೆ ನಡೆಯುತ್ತದೆ. ಭಾನುವಾರ ಮಧ್ಯಾಹ್ನದವರೆಗೆ ತೆರೆದಿರುತ್ತೇವೆ. ಚಕ್ರ ತೋರಿಸಿ ಅಂದಾಜು ಕೇಳಿಕೊಂಡು ಹೋಗಲು ಅದೇ ಸರಿಯಾದ ಹೊತ್ತು.

ಇಂತಿ ನಿಮ್ಮ ವಿಶ್ವಾಸಿಗಳು,
ಗ್ಯಾರೇಜಿನ ಮಾಲೀಕರು ಮತ್ತು ಕೆಲಸಗಾರರು
ಬೆಂಗಳೂರು