ಮಿಶಿಮಾ ಎಂದರೆ ಕೊನೆಯ ದಿನವಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಜಪಾನಿನ ಕಾದಂಬರಿಕಾರ ಯುಕಿಯೊ ಮಿಶಿಮಾ ಅವರ ಹೆಸರು ಬಂದಾಗಲೆಲ್ಲ ಮಾತು 1970ರ ನವೆಂಬರ್ 25ರ ಸುತ್ತಲೇ ಗಿರಕಿ ಹೊಡೆಯುತ್ತದೆ. ಅಂದು ಅವರು ತಮ್ಮ ಖಾಸಗಿ ಪಡೆಯ ನಾಲ್ವರು ಯುವಕರೊಂದಿಗೆ ಟೋಕಿಯೊದ ಇಚಿಗಾಯಾ ಸೇನಾ ನೆಲೆಗೆ ಹೋಗಿ, ಅಲ್ಲಿನ ಜನರಲ್‌ರನ್ನು ಕುರ್ಚಿಗೆ ಕಟ್ಟಿಹಾಕಿ, ಚಕ್ರವರ್ತಿಯ ಹೆಸರಿನಲ್ಲಿ ದಂಗೆ ಏಳುವಂತೆ ಬಾಲ್ಕನಿಯಿಂದ ಸೈನಿಕರಿಗೆ ಕರೆಕೊಟ್ಟರು. ಕೆಳಗೆ ನೆರೆದವರು ಗೇಲಿ ಮಾಡಿ ಕೂಗಿದ್ದರಿಂದ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಒಳಗೆ ಹೋಗಿ ಜಪಾನಿನ ಹಿಂದಿನ ಯೋಧರಾದ ಸಮುರಾಯ್‌ಗಳ ಪದ್ಧತಿಯಂತೆ ತಾವೇ ಪ್ರಾಣ ಬಿಟ್ಟರು.

ಆ ರಾಜಕೀಯವನ್ನು ನಾನು ಯಾವ ಬಗೆಯಲ್ಲೂ ಒಪ್ಪಲಾರೆ. 1945ರಲ್ಲಿ ಸೇನೆಯ ವೈದ್ಯಕೀಯ ತಪಾಸಣೆಯಲ್ಲಿ, ನೆಗಡಿಯಿಂದ ಬಳಲುತ್ತಿದ್ದ ಅವರನ್ನು ಕ್ಷಯರೋಗಿಯೆಂದು ತಪ್ಪಾಗಿ ತಿಳಿದು ಮನೆಗೆ ಕಳಿಸಲಾಗಿತ್ತು. ಮುಂದೆ ವೀರಮರಣವನ್ನು ಹಾಡಿಹೊಗಳಿದವರ ಬದುಕಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ 1950ರಲ್ಲಿ ಕ್ಯೋಟೊದ ಸ್ವರ್ಣಮಂದಿರಕ್ಕೆ ಯುವ ಸನ್ಯಾಸಿಯೊಬ್ಬ ಬೆಂಕಿಯಿಟ್ಟ ನಿಜ ಘಟನೆಯನ್ನು ಎತ್ತಿಕೊಂಡು 1956ರಲ್ಲಿ ಅವರು ಬರೆದ ಕಾದಂಬರಿಯಲ್ಲಿ, ತೊದಲು ನುಡಿಯ ಹುಡುಗನೊಬ್ಬನಿಗೆ ಸೌಂದರ್ಯವೇ ಹೊರಲಾರದ ಹೊರೆಯಾಗುವುದನ್ನು ಕಂಡರಿಸಿದ ಪರಿಯನ್ನು ಯಾವ ಸೇನಾ ಸಮವಸ್ತ್ರವೂ ಮರೆಮಾಚಲಾರದು. ನಾಲ್ಕು ಕಾದಂಬರಿಗಳ ಅವರ ಕೊನೆಯ ಮಾಲೆಯ ಮೂರನೆಯ ಸಂಪುಟದಲ್ಲಿ ನಮ್ಮ ಕಾಶಿಯೂ ಇದೆ. ಅವರ ಸಾವಿನ ಬಗ್ಗೆ ಬರೆಯುವವರು ಈ ಕೃತಿಗಳನ್ನು ಓದಿ ಬರೆಯಲಿ ಎಂಬುದಷ್ಟೇ ನನ್ನ ಕೋರಿಕೆ.

– ಓದುಗ, ಧಾರವಾಡ