ಪೈಪಿಗೆ ಬೇರು ನುಗ್ಗಿದರೆ ಮರ ಕಡಿಯಬೇಕೇ?

ಮಾನ್ಯ ಸಂಪಾದಕರೇ,

ಹಳ್ಳಿ ಮನೆಯಲ್ಲಿ ಬಚ್ಚಲ ನೀರು ಹೋಗದೆ ಕಟ್ಟಿಕೊಂಡು, ಅಗೆದು ನೋಡಿದಾಗ ಪೈಪಿನ ತುಂಬಾ ಬೇರು ಕಂಡರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಆ ಮರ ಕಡಿಸಿಬಿಡಿ." ನಮಗೂ ಹಾಗೇ ಹೇಳಿದರು. ಆಳು ಕರೆಸುವವರೆಗೂ ಹೋಗಿತ್ತು. ಕೊನೆಗೆ ಕಡಿಯಲಿಲ್ಲ, ಅದಕ್ಕೇ ಈ ಪತ್ರ.

ಮೊದಮೊದಲು ಸ್ನಾನದ ನೀರು ನಿಧಾನಕ್ಕೆ ಇಳಿಯುತ್ತಿತ್ತು. ಕಕ್ಕಸಿಗೆ ನೀರು ಹಾಕಿದರೆ ಬಚ್ಚಲ ತೂತಿನಲ್ಲಿ ಗುಳುಗುಳು ಸದ್ದು. ಕೂದಲು ಸಿಕ್ಕಿಕೊಂಡಿರಬೇಕು ಅಂತ ಸುಮ್ನಿದ್ದೆವು. ಬೇಸಿಗೆಯಲ್ಲಿ ಅಂಗಳವೆಲ್ಲ ಒಣಗಿ ಬಿರುಕು ಬಿಟ್ಟಿದ್ದರೂ ಒಂದು ಕಡೆ ಮಾತ್ರ ಹುಲ್ಲು ಹಸಿರಾಗಿ ನಿಂತಿತ್ತು, ಅದನ್ನು ನೋಡಿ ಖುಷಿಪಟ್ಟ ದಡ್ಡ ನಾನೇ. ಪೈಪು ಸೋರುತ್ತಿದ್ದದ್ದು ಅಲ್ಲೇ.

ಅಗೆದಾಗ ಜಾಯಿಂಟಿನ ಹೊರಗೆ ಕಂಡ ಬೇರು ಪೆನ್ಸಿಲಿಗಿಂತ ದಪ್ಪ ಇರಲಿಲ್ಲ. ಒಳಗಿಂದ ಎಳೆದರೆ ತೋಳುದ್ದದ ಜಡೆಯೇ ಬಂತು! ಎಲ್ಲಾ ನಾರುಬೇರು, ಅದರ ತುಂಬಾ ಕೂದಲು, ಸೋಪಿನ ಜಿಡ್ಡು. ಆ ವಾಸನೆ ಬೇಡ ಬಿಡಿ.

ಗಟ್ಟಿ ಪೈಪನ್ನು ಬೇರು ಒಡೆದುಕೊಂಡು ಹೋಗುವುದು ಅಪರೂಪ. ಮೊದಲು ಪೈಪು ಸೋರುತ್ತದೆ, ಆ ತೇವಕ್ಕೆ ಬೇರು ಬರುತ್ತದೆ. ಕೂದಲೆಳೆಯಷ್ಟು ಸಂದು ಸಾಕು. ಒಳಗೆ ನೀರು, ಗಾಳಿ, ಗೊಬ್ಬರ ಮೂರೂ ಪುಕ್ಕಟೆ, ಬೆಳೆಯದೆ ಇನ್ನೇನು? ಆಮೇಲೆ ದಪ್ಪವಾಗಿ ಸಂದನ್ನೇ ಅಗಲ ಮಾಡುತ್ತದೆ. ಗಾರೆ ಮೆತ್ತಿ ಜೋಡಿಸಿದ ಹಳೇ ಮಣ್ಣಿನ ಪೈಪು, ಸಿಮೆಂಟ್ ಪೈಪುಗಳಲ್ಲಿ ಈ ಕಾಟ ಜಾಸ್ತಿ. ಸರಿಯಾಗಿ ಅಂಟಿಸಿದ ಪಿವಿಸಿಯಲ್ಲಿ ಕಮ್ಮಿ, ಆದರೆ ಕೆಳಗಿನ ಮಣ್ಣು ಕುಸಿದು ಪೈಪು ಬಾಗಿದರೆ ಅದೂ ಬಾಯಿ ಬಿಡುತ್ತದೆ.

ಮರ ಕಡಿದರೆ ಸೋರಿಕೆ ನಿಲ್ಲುತ್ತದೆಯೇ? ಇಲ್ಲವಲ್ಲ. ಬೇರು ಕೊಂಬೆಯ ನೆರಳಿಗಿಂತ ಎಷ್ಟೋ ಆಚೆ ಹರಡಿರುತ್ತದೆ, ಇವತ್ತು ಈ ಮರ ಹೋದರೆ ನಾಳೆ ಅತ್ತ ಕಡೆಯದು ಬರುತ್ತದೆ.

ಇನ್ನೊಂದು ಸಲಹೆ, ಪೈಪಿಗೆ ಮೈಲುತುತ್ತ (ತಾಮ್ರದ ನೀಲಿ ಉಪ್ಪು, ಕಾಪರ್ ಸಲ್ಫೇಟ್) ಸುರಿಯುವುದು. ತಾಗಿದ ಬೇರು ಸಾಯುತ್ತದೆ, ನಿಜ. ಆದರೆ ನಮ್ಮ ಪೈಪು ಹೋಗುವುದು ನಮ್ಮದೇ ಸೆಪ್ಟಿಕ್ ಟ್ಯಾಂಕಿಗೆ, ಅಲ್ಲಿಂದ ಇಂಗುಗುಂಡಿಗೆ, ಅಲ್ಲಿಂದ ನಮ್ಮದೇ ಮಣ್ಣಿಗೆ. ಟ್ಯಾಂಕಿನಲ್ಲಿ ಕೊಳೆ ಕರಗಿಸುವ ಸೂಕ್ಷ್ಮಜೀವಿಗಳಿಗೆ ತಾಮ್ರ ಆಗಿಬರುವುದಿಲ್ಲ. ಮಣ್ಣು ಸೇರಿದ್ದು ಅಲ್ಲೇ ಕೂರುತ್ತದೆ, ಹಳ್ಳ ಕೆರೆಗೆ ಹೋದರೆ ಮೀನಿಗೆ ವಿಷ. ಆಸಿಡ್ ಸುರಿಯುವವರೂ ಇದ್ದಾರೆ. ಆಮೇಲೆ ಅದೇ ಪೈಪಿಗೆ ಕೈ ಹಾಕುವವನ ಗತಿ ಏನು ಸ್ವಾಮಿ?

ನಾವೂ ಮೊದಲ ಸಲ ಕಟ್ಟರ್ ಹಾಕಿಸಿ ಬೇರು ಕತ್ತರಿಸಿದ್ದೆವು. ನೀರು ಸರಾಗ ಹೋಯಿತು, ವರ್ಷ ತುಂಬುವುದರೊಳಗೆ ಮತ್ತೆ ಗುಳುಗುಳು. ಸವರಿದ ಗಿಡ ಚಿಗುರುವ ಹಾಗೆ ಕತ್ತರಿಸಿದ ಬೇರೂ ಚಿಗುರುತ್ತದೆ, ಅಲ್ವಾ? ಎರಡನೇ ಸಲ ಬೇರು ಹೊಕ್ಕಿದ್ದಷ್ಟು ಉದ್ದದ ಹಳೇ ಪೈಪನ್ನೇ ಕಿತ್ತು, ಕೆಳಗೆ ಮಣ್ಣು ಬಿಗಿ ಮಾಡಿ, ಜಾಯಿಂಟ್ ಆದಷ್ಟು ಕಮ್ಮಿ ಬರುವ ಹಾಗೆ 4 ಇಂಚಿನ ಪಿವಿಸಿ ಹಾಕಿಸಿದೆವು. 40 ಅಡಿಗೆ 1 ಅಡಿ ಇಳಿಜಾರು. ತಿರುವಿದ್ದಲ್ಲೆಲ್ಲ ಒಂದೊಂದು ಚೇಂಬರ್, ಅಂದರೆ ಪೈಪಿನೊಳಗೆ ನೋಡಲು ಮುಚ್ಚಳವಿರುವ ಗುಂಡಿ. ಈಗ ಆಗಾಗ ಮುಚ್ಚಳ ಎತ್ತಿ ನೋಡುತ್ತೇನೆ, ಒಂದೆಳೆ ನಾರು ಕಂಡರೂ ಗೊತ್ತಾಗುತ್ತದೆ. ಟ್ಯಾಂಕಿನ ಒಳಗೆ ಮಾತ್ರ ಯಾರೂ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಅಲ್ಲಿನ ಗಾಳಿ ನಿಮಿಷದಲ್ಲಿ ಜೀವ ತೆಗೆಯುತ್ತದೆ.

ಇಂಗುಗುಂಡಿಯ ಲೆಕ್ಕ ಬೇರೆ. ಅದು ಸೋರುವುದಕ್ಕೇ ಇರುವುದು, ಅದನ್ನು ಬಿಗಿ ಮಾಡಲಾಗದು. ಅದರ ಹತ್ತಿರ ಮರ ನೆಡದಿರುವುದೊಂದೇ ದಾರಿ. ಹುಲ್ಲು ಬೆಳೆಯಲಿ, ತೊಂದರೆ ಇಲ್ಲ.

ನಮ್ಮನ್ನು ಜಾಸ್ತಿ ದುಡಿಸಿದ್ದು ಬೇರಲ್ಲ, ಹುಡುಕಾಟ. ಪೈಪು ಎಲ್ಲಿ ಹೋಗಿದೆ ಅಂತ ಮನೆಯಲ್ಲಿ ಒಬ್ಬರಿಗೂ ನೆನಪಿರಲಿಲ್ಲ, ಸುಮ್ನೆ ಮೂರು ಕಡೆ ಅಗೆದೆವು. ಈಗ ಗೋಡೆಯಿಂದ ಎಷ್ಟು ಅಡಿ, ಎಲ್ಲಿ ತಿರುವು ಅಂತ ಗೀಚಿ ಆ ಕಾಗದವನ್ನು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇನೆ.

ಇಂತಿ,
ನಿಮ್ಮ ಓದುಗ