ಕಣ್ಣಿ ಬಿಚ್ಚುವ ಹೊತ್ತು

ನಮ್ಮ ಸಂಘದ ಆತ್ಮೀಯರೇ,

2019ರ ಆಗಸ್ಟ್. ಹಿಡಕಲ್ ಡ್ಯಾಂನಿಂದ ನೀರು ಬಿಟ್ಟಿದ್ದರು. ಘಟಪ್ರಭೆ ಗೋಕಾಕ ದಾಟಿ ಮುಧೋಳದ ಕಡೆ ಏರುತ್ತಿತ್ತು. ನಾನು ಇಲ್ಲಿ ಟೆಕ್ಸಾಸ್‌ನಲ್ಲಿ ಫೋನ್ ಹಿಡಿದು ಕೂತಿದ್ದೆ. ಹೊಳೆದಂಡೆಯ ನಮ್ಮೂರು ಖಾಲಿಯಾಗುತ್ತಿತ್ತು. ಅವ್ವ ಮಾತ್ರ ಒಲ್ಲೆ ಅಂದಳು. “ಎಮ್ಮಿ ಬಿಟ್ಟು ಹ್ಯಾಂಗ ಬರ್ಲಿ?”

ತಮ್ಮ ಕೊಟ್ಟಿಗೆಗೆ ಹೋದಾಗ ನೀರು ಸೊಂಟದ ಮಟ್ಟ ಬಂದಿತ್ತು. ಎಮ್ಮೆ ಕಟ್ಟಿದ್ದ ಹಗ್ಗ, ಕಣ್ಣಿ, ನೆನೆದು ಗಂಟು ಬಿಗಿದುಕೊಂಡಿತ್ತು. ಎಮ್ಮೆ ಹೆದರಿ ಜಗ್ಗಿದಷ್ಟೂ ಇನ್ನೂ ಬಿಗಿ. ಬೆರಳಿಗೆ ಬಗ್ಗಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ಕೈಗೆ ಸಿಕ್ಕಿತು, ಕೊಯ್ದ. ಎರಡೂ ಎಮ್ಮೆ ನೀರು ಸೀಳಿಕೊಂಡು ತಾವೇ ದಿಬ್ಬ ಹತ್ತಿದವು.

ಹಿತ್ತಲಲ್ಲಿ ಸರಪಳಿ ಹಾಕಿದ್ದ ನಾಯಿ ಯಾರಿಗೂ ನೆನಪಾಗಲಿಲ್ಲ. ಮುಧೋಳ ನಾಯಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ, ನಮ್ಮ ಸೀಮೆಯ ಹೆಮ್ಮೆ. ಆ ಮಾತನ್ನು ಮನೆಯಲ್ಲಿ ಇಂದಿಗೂ ಯಾರೂ ಎತ್ತುವುದಿಲ್ಲ.

ಎಮ್ಮೆಗೆ ಈಜು ಬರುತ್ತದೆ, ನಾಯಿಗೂ ಬರುತ್ತದೆ. ಕಟ್ಟಿ ಹಾಕಿದರೆ ಏನು ಮಾಡ್ಯಾವು? ಈಗ ಅವ್ವ ಮಳೆಗಾಲದಲ್ಲಿ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುತ್ತಾಳೆ. ಕುಡುಗೋಲು ಮಾತ್ರ ಅದೇ ಜಾಗದಲ್ಲಿದೆ.

ಸಾಕಿದ ಜೀವ ಬಿಟ್ಟು ಬರಲಾಗದೆ ಮನುಷ್ಯರೂ ಹಿಂದೆ ಉಳಿಯುತ್ತಾರೆ. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆದದ್ದೂ ಇದೇ. ಅದಾದ ಮರುವರ್ಷವೇ, ಜನರನ್ನು ಸಾಗಿಸುವ ಯೋಜನೆಯಲ್ಲಿ ಸಾಕುಪ್ರಾಣಿಗಳೂ ಇರಬೇಕು ಎಂದು ಅಮೆರಿಕದಲ್ಲಿ ಕಾನೂನು ಬಂತು. ಅವ್ವ ಹಟ ಮಾಡಿದ್ದು ತಪ್ಪಲ್ಲ. ತಡ ಮಾಡಿದ್ದು ನಾವು.

ಜೂನ್ ಬಂತು ಅಂದ್ರೆ ಅಲ್ಲಿ ಮುಂಗಾರು, ಇಲ್ಲಿ ಚಂಡಮಾರುತದ ಕಾಲ. ನವೆಂಬರ್ ಕೊನೆವರೆಗೂ ಇರುತ್ತದೆ. ನಿಮ್ಮ ನಾಯಿ, ಬೆಕ್ಕಿಗೆ ಮೈಕ್ರೋಚಿಪ್ ಹಾಕಿಸಿರಬಹುದು. ಆದರೆ ಪ್ರಾಣಿ ಎಲ್ಲಿದೆ ಎಂದು ಆ ಚಿಪ್ ಹೇಳುವುದಿಲ್ಲ. ಅದರಲ್ಲಿರುವುದು ಒಂದು ನಂಬರ್, ಅಷ್ಟೇ. ನಿಮ್ಮ ವಿಳಾಸ, ಫೋನ್ ಇರುವುದು ಆ ನಂಬರಿನ ನೋಂದಣಿಯಲ್ಲಿ. ಮನೆ ಬದಲಿಸಿ, ಫೋನ್ ಬದಲಿಸಿ, ನೋಂದಣಿ ಹಾಗೇ ಬಿಟ್ಟಿದ್ದರೆ ಚಿಪ್ ಇದ್ದೂ ಇಲ್ಲದಂತೆ. ಇವತ್ತೇ ನೋಡಿ. ಬೆಕ್ಕನ್ನು ಒಯ್ಯುವ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಬಾಗಿಲು ತೆರೆದು ಹಾಲ್‌ನಲ್ಲಿಡಿ, ಊಟ ಅದರೊಳಗೇ ಹಾಕಿ. ಗಾಳಿ ಎದ್ದ ದಿನ ಮಂಚದ ಕೆಳಗೆ ಹೊಕ್ಕ ಬೆಕ್ಕನ್ನು ಹೊರಗೆಳೆಯುವುದು ಸುಮ್ನೆ ಮಾತಲ್ಲ. ಆಹಾರ, ಔಷಧಿ, ಲಸಿಕೆ ಕಾಗದ ಒಂದು ಚೀಲದಲ್ಲಿರಲಿ. ನೀವು ಅದರ ಜೊತೆಗಿರುವ ಒಂದು ಫೋಟೋ ಫೋನಿನಲ್ಲಿರಲಿ. ಕಳೆದು ಸಿಕ್ಕಾಗ ನಿಮ್ಮದೇ ಎನ್ನಲು ಬೇಕಾಗುತ್ತದೆ. ನೆರೆ ನೀರಿನಲ್ಲಿ ನಾಯಿಯನ್ನು ಆಡಲು ಬಿಡಬೇಡಿ. ಇಲಿಯ ಉಚ್ಚೆಯಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ.

ಊರಿಗೆ ಫೋನ್ ಮಾಡಿದಾಗ “ಮಳಿ ಹ್ಯಾಂಗದ?” ಅಂತ ಕೇಳೇ ಕೇಳುತ್ತೇವೆ, ಅಲ್ವಾ? ಜೊತೆಗೆ ಇನ್ನೂ ನಾಲ್ಕು ಮಾತು ಕೇಳಿ. ದನ, ಎಮ್ಮೆಗೆ ಬರುವ ಗಳಲೆ ಬೇನೆ, ಚಪ್ಪೆ ಬೇನೆಯ ಲಸಿಕೆ ಮಳೆಗೆ ಮುಂಚೆ ಹಾಕಿಸಿದರಾ? ದನದ ಕಿವಿಯ ಓಲೆಯಲ್ಲಿರುವ 12 ಅಂಕಿಯ ನಂಬರ್ ಬರೆದಿಟ್ಟಿದ್ದಾರಾ? ಕಣಿಕೆ, ಅಂದರೆ ಜೋಳದ ದಂಟಿನ ಮೇವು, ಎತ್ತರದಲ್ಲಿದೆಯಾ? ನಾಯಿಯ ಸರಪಳಿ ಬಿಚ್ಚುವುದು ಯಾರ ಕೆಲಸ? ಹೆಸರು ಹಿಡಿದು ಕೇಳಿ. ಎಲ್ಲರ ಕೆಲಸ ಅಂದರೆ ಯಾರೂ ಬಿಚ್ಚುವುದಿಲ್ಲ.

ಸಂಘದಿಂದ ಒಂದು ಪಟ್ಟಿ ಮಾಡುತ್ತಿದ್ದೇವೆ. ಊರು ಬಿಡಬೇಕಾದವರ ನಾಯಿ, ಬೆಕ್ಕನ್ನು ನಾಲ್ಕು ದಿನ ಇಟ್ಟುಕೊಳ್ಳಬಲ್ಲವರು ಸಮಿತಿಗೆ ತಿಳಿಸಿ. ಸಮುದ್ರದಿಂದ ದೂರ, ಒಳನಾಡಿನಲ್ಲಿ ಇರುವವರ ಹೆಸರು ಜಾಸ್ತಿ ಬೇಕು. ನಮ್ಮ ಮನೆಯಲ್ಲಿ ಎರಡು ನಾಯಿಗೆ ಜಾಗ ಇದೆ. ಪಟ್ಟಿಯಲ್ಲಿ ನನ್ನ ಹೆಸರು ಬರೆದಿದ್ದೇನೆ.